ಕುಮಾರ ಪರ್ವತದ ನಡುದಾರಿಯ ಆಶ್ರಯ ಗಿರಿಗದ್ದೆ: ಹಿನ್ನೆಲೆ, ಚಾರಣ ಮಾರ್ಗಗಳು ಮತ್ತು ಪ್ರವೇಶಾನುಮತಿ

ಪೀಠಿಕೆ

ಪಶ್ಚಿಮ ಘಟ್ಟಗಳ ಸಾಲಿನಲ್ಲಿ 1,712 ಮೀಟರ್ ಎತ್ತರಕ್ಕೆ ನಿಂತಿರುವ ಕುಮಾರ ಪರ್ವತವು ರಾಜ್ಯದ ಅತ್ಯಂತ ಕಠಿಣವಾದ ಚಾರಣ ತಾಣಗಳಲ್ಲಿ ಒಂದಾಗಿದೆ. ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರದಿಂದ ಹೊರಟು ಇದರ ಶಿಖರವನ್ನು ತಲುಪಲು 1,500 ಮೀಟರ್‌ಗೂ ಹೆಚ್ಚಿನ ಏರಿಕೆಯನ್ನು ಕಾಲ್ನಡಿಗೆಯಲ್ಲಿಯೇ ಕ್ರಮಿಸಬೇಕಾಗುತ್ತದೆ. ಈ ದೀರ್ಘ ದಾರಿಯ ಹೆಚ್ಚುಕಡಿಮೆ ನಡುವಿನಲ್ಲಿ ಗಿರಿಗದ್ದೆ ಎಂಬ ಸ್ಥಳವಿದ್ದು, ಅಲ್ಲಿರುವ ಕೃಷಿಕ ಕುಟುಂಬದ ಮನೆಯು ‘ಭಟ್ಟರ ಮನೆ’ ಎಂಬ ಹೆಸರಿನಿಂದ ನಾಡಿನ ಚಾರಣಿಗರಿಗೆಲ್ಲ ಪರಿಚಿತವಾಗಿದೆ. ಅದಕ್ಕೆ ಸಮೀಪದಲ್ಲಿ ಅರಣ್ಯ ತನಿಖಾ ಠಾಣೆಯೂ, ಮತ್ತಷ್ಟು ಮೇಲೆ ಕಲ್ಲು ಮಂಟಪವೂ ಇವೆ.

ಈ ಮೂರು ಆಶ್ರಯಗಳ ಹಿನ್ನೆಲೆ, ಶಿಖರಕ್ಕೆ ಹೋಗುವ ಮಾರ್ಗಗಳು, ಪ್ರವೇಶಕ್ಕೆ ಅನುಮತಿಯನ್ನು ಕಡ್ಡಾಯಗೊಳಿಸಿರುವ ಕಾರಣ ಹಾಗೂ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಅನುಮತಿಗಾಗಿ ಅರ್ಜಿ ಸಲ್ಲಿಸುವ ಮುನ್ನ ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

ಸ್ಥಳ ಪರಿಚಯ

ಕುಮಾರ ಪರ್ವತವನ್ನು ಪುಷ್ಪಗಿರಿ ಎಂಬ ಹೆಸರಿನಿಂದಲೂ ಕರೆಯಲಾಗುತ್ತದೆ. ಶಿಖರವು ಕೊಡಗು ಜಿಲ್ಲೆಯ ಸೋಮವಾರಪೇಟೆ ತಾಲ್ಲೂಕಿನಲ್ಲಿದ್ದು, ತಡಿಯಂಡಮೋಳ್ ನಂತರ ಆ ಜಿಲ್ಲೆಯ ಎರಡನೆಯ ಅತಿ ಎತ್ತರದ ಶಿಖರವಾಗಿದೆ. ಇದರ ಪಶ್ಚಿಮದ ಬುಡದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರವಿದೆ. ಉತ್ತರಕ್ಕೆ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಬಿಸಿಲೆ ಅರಣ್ಯವಿದ್ದು, ಬಿಸಿಲೆ ಘಾಟಿಯ ವೀಕ್ಷಣಾ ತಾಣದಿಂದ ಈ ಪರ್ವತ ಶ್ರೇಣಿಯನ್ನು ಸ್ಪಷ್ಟವಾಗಿ ಕಾಣಬಹುದು.

ಶಿಖರವನ್ನು ಒಳಗೊಂಡ ಪ್ರದೇಶವನ್ನು 1987ರಲ್ಲಿ ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಲಾಯಿತು. ಇದರ ವಿಸ್ತೀರ್ಣವು 102 ಚದರ ಕಿ.ಮೀ.ಗಿಂತ ಹೆಚ್ಚಾಗಿದೆ. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಕರ್ನಾಟಕದಿಂದ ಆಯ್ಕೆಯಾದ 10 ತಾಣಗಳಲ್ಲಿ ಪುಷ್ಪಗಿರಿಯೂ ಒಂದಾಗಿತ್ತು.

ಪರ್ವತದ ಕೆಳಭಾಗದಲ್ಲಿ ಧೂಪ, ನಾಗಸಂಪಿಗೆ, ಬೋಗಿ ಮುಂತಾದ ಮರಗಳಿಂದ ಕೂಡಿದ ನಿತ್ಯಹರಿದ್ವರ್ಣ ಕಾಡು ಇದೆ. ಮೇಲೆ ಹೋದಂತೆ ಕಾಡು ಕಣಿವೆಗಳಿಗೆ ಸರಿದು, ಬೆಟ್ಟದ ಬೆನ್ನಿನ ಮೇಲೆ ಹುಲ್ಲುಗಾವಲು ಹರಡಿಕೊಳ್ಳುತ್ತದೆ. ಎರಡು ಹುಲ್ಲುಬೆಟ್ಟಗಳ ನಡುವಿನ ತಗ್ಗಿನಲ್ಲಿ ದಟ್ಟವಾಗಿ ಬೆಳೆಯುವ ಈ ಕುಳ್ಳು ಮರಗಳ ಕಾಡನ್ನು ಶೋಲಾ ಎಂದು ಕರೆಯುತ್ತಾರೆ. ಆನೆ, ಕಾಟಿ, ಕಡವೆ, ಕೆಂದಳಿಲು ಮುಂತಾದ ಪ್ರಾಣಿಗಳಿಗೂ, ಮಲಬಾರ್ ಟ್ರೋಗನ್, ಬೂದುತಲೆಯ ಪಿಕಳಾರದಂತಹ ಹಕ್ಕಿಗಳಿಗೂ ಈ ಕಾಡು ನೆಲೆಯಾಗಿದೆ.

ಈ ಪರ್ವತದ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳು ಮಳೆಗಾಲದ ನೀರನ್ನು ಹೀರಿಕೊಂಡು ಬೇಸಿಗೆಯವರೆಗೂ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಹೀಗೆ ಹುಟ್ಟುವ ತೊರೆಗಳು ಸೇರಿ ಕುಮಾರಧಾರಾ ನದಿಯಾಗುತ್ತದೆ. ಸೋಮವಾರಪೇಟೆ ಕಡೆಯಲ್ಲಿ ಮಲ್ಲಳ್ಳಿ ಜಲಪಾತವಾಗಿ ಧುಮುಕುವುದೂ, ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ ಭಕ್ತರು ಮೀಯುವುದೂ ಇದೇ ನದಿಯಾಗಿದೆ. ಉಪ್ಪಿನಂಗಡಿಯಲ್ಲಿ ಇದು ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಕೆಳಗೆ ತುಂಬೆಯಲ್ಲಿ ಕಟ್ಟಲಾದ ಅಣೆಕಟ್ಟಿನಿಂದ ಮಂಗಳೂರು ನಗರಕ್ಕೆ ಕುಡಿಯುವ ನೀರನ್ನು ಪೂರೈಸಲಾಗುತ್ತದೆ. ಪರ್ವತದ ನೆತ್ತಿಯಲ್ಲಿ ಎಸೆದ ಕಸವು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು.

ಹೆಸರು ಮತ್ತು ಐತಿಹ್ಯ

ಕುಮಾರಸ್ವಾಮಿಯು ತಾರಕಾಸುರನನ್ನು ಸಂಹರಿಸಿದ ನಂತರ ಈ ಪರ್ವತಕ್ಕೆ ಬಂದನೆಂದೂ, ತನ್ನ ಆಯುಧವನ್ನು ತೊಳೆದ ತೊರೆಯೇ ಕುಮಾರಧಾರೆಯಾಯಿತೆಂದೂ ಸ್ಥಳಪುರಾಣವು ತಿಳಿಸುತ್ತದೆ. ದೇವಸೇನೆಯೊಂದಿಗೆ ಆತನ ವಿವಾಹವು ಮಾರ್ಗಶಿರ ಶುದ್ಧ ಷಷ್ಠಿಯಂದು ಕುಮಾರಧಾರೆಯ ತೀರದಲ್ಲಿ ನಡೆಯಿತೆಂಬ ನಂಬಿಕೆಯಿದ್ದು, ಆ ದಿನವನ್ನು ಚಂಪಾಷಷ್ಠಿಯೆಂದು ಕ್ಷೇತ್ರದಲ್ಲಿ ಆಚರಿಸಲಾಗುತ್ತದೆ. ಈ ಪರ್ವತದಲ್ಲಿ ದೊರೆಯುವ, ಆರು ಮುಖಗಳುಳ್ಳ ಘನಾಕಾರದ ಸಣ್ಣ ಶಿಲೆಗಳನ್ನು ಕುಮಾರಲಿಂಗಗಳೆಂದು ಪೂಜಿಸುವ ಪದ್ಧತಿಯಿದೆ. ಅಭಯಾರಣ್ಯದಿಂದ ಯಾವುದೇ ಕಲ್ಲು, ಸಸ್ಯ ಅಥವಾ ಇತರ ವಸ್ತುವನ್ನು ಹೊರತರಬಾರದೆಂಬ ನಿಯಮವು ಇವುಗಳಿಗೂ ಅನ್ವಯಿಸುತ್ತದೆ.

ಕುಕ್ಕೆಯ ದೇವಸ್ಥಾನದ ಬಳಿ ನಿಂತು ಪೂರ್ವಕ್ಕೆ ನೋಡಿದರೆ, ಶಿಖರಕ್ಕಿಂತ ಮುಂಚಿನ ಬೆಟ್ಟವು ಹೆಡೆ ಬಿಚ್ಚಿದ ಸರ್ಪದಂತೆ ತೋರುತ್ತದೆ. ಅದಕ್ಕೆ ಶೇಷ ಪರ್ವತವೆಂದು ಹೆಸರು. ನಾಗಾರಾಧನೆಗೆ ಪ್ರಸಿದ್ಧವಾದ ಕ್ಷೇತ್ರಕ್ಕೆ ಈ ಬೆಟ್ಟವೇ ಹೆಡೆಯ ನೆರಳು ಎಂಬುದು ಜನರ ಭಾವನೆ.

ಗಿರಿಗದ್ದೆ ಎಂಬ ಹೆಸರು ತನ್ನ ಅರ್ಥವನ್ನು ತಾನೇ ಹೇಳುತ್ತದೆ. ಗಿರಿಯ ಮೇಲಿನ ಗದ್ದೆ ಅದು. ಕಡಿದಾದ ಕಾಡುದಾರಿ ಮುಗಿದು ನೆಲ ತುಸು ಹರವಾಗುವಲ್ಲಿ, ತೊರೆಯ ನೀರು ಸಿಗುವಲ್ಲಿ, ಉಳುಮೆಗೆ ಯೋಗ್ಯವಾದ ಜಾಗ ದೊರೆತಿದ್ದರಿಂದ ಅಲ್ಲಿ ಮನುಷ್ಯರು ನೆಲೆಸಲು ಸಾಧ್ಯವಾಯಿತು. ಚಾರಣಿಗರಿಗೆ ಅದೇ ಜಾಗವು ತಂಗುದಾಣವಾದುದಕ್ಕೂ ಇದೇ ಕಾರಣ: ನೀರು, ಸಮತಟ್ಟಾದ ನೆಲ ಮತ್ತು ಮೇಲೊಂದು ಸೂರು.

ಆಡಳಿತದ ಹಿನ್ನೆಲೆ

1956ರ ನವೆಂಬರ್ 1ರವರೆಗೆ ಈ ಪರ್ವತದ ಸುತ್ತಲಿನ ಪ್ರದೇಶವು ಮೂರು ಬೇರೆ ಬೇರೆ ಆಡಳಿತಗಳಿಗೆ ಸೇರಿತ್ತು. 1834ರಲ್ಲಿ ಬ್ರಿಟಿಷರ ವಶವಾದ ಕೊಡಗು ಪ್ರತ್ಯೇಕ ಪ್ರಾಂತವಾಗಿತ್ತು. ಸುಬ್ರಹ್ಮಣ್ಯವಿರುವ ದಕ್ಷಿಣ ಕನ್ನಡವು ಮದರಾಸಿನ ಅಧೀನದಲ್ಲಿತ್ತು. ಬಿಸಿಲೆ ಕಡೆಯ ಹಾಸನ ಜಿಲ್ಲೆಯು ಮೈಸೂರು ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಕಾಲದ ಗೆಜೆಟಿಯರ್‌ಗಳಲ್ಲಿ ಈ ಪರ್ವತವನ್ನು ಸುಬ್ರಹ್ಮಣ್ಯ ಬೆಟ್ಟವೆಂದು ದಾಖಲಿಸಿ, ಅದರ ಎತ್ತರವನ್ನು 5,600 ಅಡಿಗಿಂತ ಹೆಚ್ಚು ಎಂದು ತೋರಿಸಲಾಗಿದೆ.

ರಾಜ್ಯಗಳ ಪುನರ್ವಿಂಗಡಣೆಯಿಂದ ಮೂರೂ ಭಾಗಗಳು ಒಂದೇ ರಾಜ್ಯಕ್ಕೆ ಸೇರಿದವು. ಆದರೂ ಹತ್ತುವ ದಾರಿಗಳು ಹಿಂದಿನಂತೆಯೇ ಉಳಿದವು. ಕರಾವಳಿಯ ಕಡೆಯಿಂದ ಕುಕ್ಕೆಯ ದಾರಿ, ಕೊಡಗಿನ ಕಡೆಯಿಂದ ಸೋಮವಾರಪೇಟೆಯ ದಾರಿ. ಒಂದೇ ಪರ್ವತಕ್ಕೆ ಎರಡು ಜಿಲ್ಲೆಗಳಿಂದ ಪ್ರವೇಶವಿರುವುದರಿಂದ, ಅರ್ಜಿದಾರರು ತಾವು ಯಾವ ಮಾರ್ಗದಿಂದ ಹೊರಡುತ್ತೇವೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಅಗತ್ಯವಾಗಿದೆ.

ದಾರಿಯ ಮೂರು ಆಶ್ರಯಗಳು

1. ಭಟ್ಟರ ಮನೆ

ಗಿರಿಗದ್ದೆಯ ಈ ಮನೆಯು ಮೂಲತಃ ವಸತಿಗೃಹವಲ್ಲ, ಕೃಷಿಕರ ಮನೆ. ಶಿಖರಕ್ಕೆ ಹೋಗುವವರು ದಣಿದು ಅಂಗಳಕ್ಕೆ ಬಂದಾಗ ನೀರು, ಮಜ್ಜಿಗೆ ಕೊಡುವುದು ಮಲೆನಾಡಿನ ಮನೆಗಳ ರೂಢಿ. ಚಾರಣಿಗರ ಸಂಖ್ಯೆ ಬೆಳೆದಂತೆ ಈ ರೂಢಿಯೇ ಊಟದ ವ್ಯವಸ್ಥೆಯಾಗಿ ಬೆಳೆಯಿತು. ಹಲವು ದಶಕಗಳಿಂದ ಇಲ್ಲಿ ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆಯ ಸರಳ ಊಟವನ್ನು ಚಾರಣಿಗರಿಗೆ ಹಣ ಪಡೆದು ಬಡಿಸಲಾಗುತ್ತ ಬಂದಿದೆ. ಚಾರಣಿಗರು ಕುಕ್ಕೆಯಿಂದ ಹತ್ತಿ ಬರುವ ದಾರಿಯು ಕಾಲುದಾರಿಯೇ ಆಗಿದ್ದು, ದಿನಸಿ ಸಾಮಾನುಗಳನ್ನೂ ಹೊತ್ತು ತರಬೇಕಾಗುತ್ತದೆ. ತಟ್ಟೆಯಲ್ಲಿ ಬಿಡುವ ಅನ್ನವು ಯಾರದೋ ಹೆಗಲ ಮೇಲೆ ಬೆಟ್ಟ ಹತ್ತಿ ಬಂದದ್ದೆಂಬುದನ್ನು ಚಾರಣಿಗರು ನೆನಪಿನಲ್ಲಿಡುವುದು ಒಳ್ಳೆಯದು.

ಇದು ಸರ್ಕಾರಿ ತಂಗುದಾಣವಲ್ಲ. ಇಲ್ಲಿನ ಊಟವು ಚಾರಣದ ಪ್ರವೇಶ ಶುಲ್ಕದಲ್ಲಿ ಸೇರಿರುವುದಿಲ್ಲ. ಚಾರಣದ ಅನುಮತಿ ಪತ್ರವು ಈ ಮನೆಯಲ್ಲಿ ತಂಗುವ ಹಕ್ಕನ್ನೂ ನೀಡುವುದಿಲ್ಲ. ಮನೆಯ ಅಂಗಳ, ತೋಟ ಮತ್ತು ನೀರಿನ ಮೂಲಗಳು ಖಾಸಗಿ ಸ್ವತ್ತಾಗಿದ್ದು, ಮನೆಯವರ ಒಪ್ಪಿಗೆಯಿಲ್ಲದೆ ಅವುಗಳನ್ನು ಬಳಸತಕ್ಕದ್ದಲ್ಲ.

2. ಅರಣ್ಯ ತನಿಖಾ ಠಾಣೆ

ಭಟ್ಟರ ಮನೆಯಿಂದ ಸ್ವಲ್ಪವೇ ಮೇಲೆ ತನಿಖಾ ಠಾಣೆಯಿದೆ. ಅನುಮತಿ ಪತ್ರ ಹಾಗೂ ಗುರುತಿನ ಚೀಟಿಗಳ ಪರಿಶೀಲನೆ, ಚೀಲಗಳ ತಪಾಸಣೆ ಇಲ್ಲಿ ನಡೆಯುತ್ತದೆ. ಮೇಲೆ ಹೋದವರ ವಿವರ ಇಲ್ಲಿ ದಾಖಲಾಗುವುದರಿಂದ, ಸಂಜೆಯಾದರೂ ಮರಳದವರನ್ನು ಹುಡುಕಲು ಇದೇ ಆಧಾರವಾಗುತ್ತದೆ. ಠಾಣೆಯನ್ನು ತಪ್ಪಿಸಿ ಬೇರೆ ದಾರಿಯಿಂದ ಹತ್ತುವವರ ಬಗ್ಗೆ ಇಂತಹ ದಾಖಲೆ ಇರುವುದಿಲ್ಲ. ಅಪಾಯದಲ್ಲಿ ಸಿಲುಕಿದರೂ ಅವರನ್ನು ಹುಡುಕಬೇಕೆಂದು ಯಾರಿಗೂ ತಿಳಿಯುವುದಿಲ್ಲ.

3. ಕಲ್ಲು ಮಂಟಪ

ಠಾಣೆಯಿಂದ ಹುಲ್ಲುಬೆಟ್ಟದ ಬೆನ್ನೇರಿ ಹೋದರೆ ಕಲ್ಲು ಮಂಟಪ ಸಿಗುತ್ತದೆ. ನಾಲ್ಕು ಕಲ್ಲಿನ ಕಂಬಗಳ ಮೇಲೆ ಚಪ್ಪಡಿ ಹೊದಿಸಿದ ಸರಳ ರಚನೆ ಇದಾಗಿದ್ದು, ಗೋಡೆಗಳಿಲ್ಲ. ಹುಲ್ಲುಗಾವಲಿನಲ್ಲಿ ನೆರಳೇ ಇಲ್ಲದ ಕಾರಣ ನಡುಹಗಲಿನಲ್ಲಿ ಈ ಮಂಟಪದ ಬೆಲೆ ತಿಳಿಯುತ್ತದೆ. ಇದರ ಸಮೀಪದಲ್ಲಿ ನೀರಿನ ಸೆಲೆಯೊಂದಿದ್ದು, ಬೇಸಿಗೆ ಸಮೀಪಿಸಿದಂತೆ ಅದು ಕ್ಷೀಣಿಸುತ್ತದೆ. ಇಲ್ಲಿಂದ ಮುಂದೆ ನೀರನ್ನು ನಂಬಿಕೊಂಡು ಹೋಗುವಂತಿಲ್ಲ. ಮಂಟಪದ ಕಂಬಗಳ ಮೇಲೆ ಹೆಸರು ಕೆತ್ತುವುದು, ಒಳಗೆ ಬೆಂಕಿ ಹಾಕುವುದು ನಿಷಿದ್ಧ.

ಚಾರಣ ಮಾರ್ಗಗಳು

(ಅ) ಕುಕ್ಕೆ ಸುಬ್ರಹ್ಮಣ್ಯ ಮಾರ್ಗ

ದೂರ: ಒಂದು ಕಡೆಗೆ ಸುಮಾರು 12ರಿಂದ 13 ಕಿ.ಮೀ.

ಕುಕ್ಕೆಗೆ ಬೆಂಗಳೂರು ಮತ್ತು ಮಂಗಳೂರುಗಳಿಂದ ಬಸ್ ಸೌಕರ್ಯವಿದೆ. ರೈಲಿನಲ್ಲಿ ಬರುವವರು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದು ರಸ್ತೆಯ ಮೂಲಕ ಕುಕ್ಕೆಯನ್ನು ತಲುಪಬಹುದು. ದೇವಸ್ಥಾನದ ಬಳಿಯಿಂದ ದೇವರಗದ್ದೆಯವರೆಗೆ ರಸ್ತೆಯಿದ್ದು, ಅಲ್ಲಿಂದ ಕಾಡುದಾರಿ ಆರಂಭವಾಗುತ್ತದೆ.

ಮೊದಲ ಹಂತವು ದಟ್ಟ ಕಾಡಿನೊಳಗಿನ ಸತತ ಏರಿಕೆ. ಮರದ ಬೇರುಗಳು ಮತ್ತು ಬಿಡಿಗಲ್ಲುಗಳೇ ಇಲ್ಲಿ ಮೆಟ್ಟಿಲುಗಳಾಗಿವೆ. ಈ ಹಂತದ ಮಧ್ಯದಲ್ಲಿ ಸಿಗುವ ದೊಡ್ಡ ಬಂಡೆಯನ್ನು ಭೀಮನ ಬಂಡೆ ಎನ್ನುತ್ತಾರೆ. ಮಳೆ ನಿಂತ ಕೆಲವು ವಾರಗಳವರೆಗೆ ಇಲ್ಲಿ ಇಂಬಳಗಳ ಕಾಟ ಹೆಚ್ಚು. ಕಾಡು ಮುಗಿದು ಬಯಲು ಕಾಣಿಸಿದಾಗ ಗಿರಿಗದ್ದೆ ಹತ್ತಿರವಾಯಿತೆಂದು ತಿಳಿಯಬಹುದು. ದೇವರಗದ್ದೆಯಿಂದ ಭಟ್ಟರ ಮನೆಗೆ ಸುಮಾರು 5 ಕಿ.ಮೀ. ದೂರವಿದ್ದು, ಎರಡೂವರೆಯಿಂದ ಮೂರೂವರೆ ಗಂಟೆ ಬೇಕಾಗುತ್ತದೆ.

ಎರಡನೆಯ ಹಂತವು ಗಿರಿಗದ್ದೆಯಿಂದ ಕಲ್ಲು ಮಂಟಪದವರೆಗಿನ ಸುಮಾರು 3 ಕಿ.ಮೀ. ಹುಲ್ಲುಗಾವಲು. ದಾರಿ ಸ್ಪಷ್ಟವಾಗಿದ್ದರೂ ಬಿಸಿಲಿನ ತಾಪ ನೇರವಾಗಿ ತಟ್ಟುತ್ತದೆ. ದೂರದಿಂದ ನೋಡಿದಾಗ ಹತ್ತಿರವೆನಿಸುವ ಬೆಟ್ಟದ ತುದಿ, ಅಲ್ಲಿಗೆ ಹೋದಾಗ ಮತ್ತೊಂದು ಬೆಟ್ಟದ ಬುಡವಾಗಿರುತ್ತದೆ. ಅನುಭವವಿಲ್ಲದವರು ಎದೆಗುಂದುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ಮೂರನೆಯ ಹಂತದಲ್ಲಿ ಕಲ್ಲು ಮಂಟಪದಿಂದ ಶೇಷ ಪರ್ವತವನ್ನು ಏರಬೇಕು. ಶೇಷ ಪರ್ವತದ ಒಂದು ಪಾರ್ಶ್ವವು ಕಡಿದಾದ ಪ್ರಪಾತವಾಗಿದೆ. ಮಂಜು ಕವಿದಾಗ ಅಂಚು ಕಾಣುವುದಿಲ್ಲ. ಛಾಯಾಚಿತ್ರಕ್ಕಾಗಿ ಅಂಚಿನ ಬಳಿಗೆ ಹೋಗುವುದು ಜೀವಕ್ಕೆ ಅಪಾಯಕರ. ಇಲ್ಲಿಂದ ದಾರಿಯು ಶೋಲಾ ಕಾಡಿನೊಳಕ್ಕೆ ಇಳಿದು, ಒದ್ದೆಯಾದ ಬಂಡೆಗಳನ್ನು ದಾಟಿ, ಮತ್ತೆ ಏರಿ ಶಿಖರವನ್ನು ಮುಟ್ಟುತ್ತದೆ. ಗಿರಿಗದ್ದೆಯಿಂದ ಶಿಖರಕ್ಕೆ ನಾಲ್ಕರಿಂದ ಐದು ಗಂಟೆ ಬೇಕು.

(ಆ) ಬೀದಳ್ಳಿ – ಹೆಗ್ಗಡಮನೆ ಮಾರ್ಗ

ದೂರ: ಒಂದು ಕಡೆಗೆ ಸುಮಾರು 7 ಕಿ.ಮೀ.

ಸೋಮವಾರಪೇಟೆಯಿಂದ ಬೀದಳ್ಳಿಗೆ ರಸ್ತೆಯ ಮೂಲಕ ಬರಬೇಕು. ಮಲ್ಲಳ್ಳಿ ಜಲಪಾತವೂ ಇದೇ ಭಾಗದಲ್ಲಿದೆ. ಈ ಮಾರ್ಗವು ಹೆಚ್ಚು ಎತ್ತರದಿಂದಲೇ ಆರಂಭವಾಗುವುದರಿಂದ ಏರಿಕೆಯೂ ದೂರವೂ ಕಡಿಮೆ. ಆದರೆ ಸುಲಭವೆಂದು ಭಾವಿಸತಕ್ಕದ್ದಲ್ಲ. ದಾರಿಯ ಬಹುಭಾಗ ಕಾಡಿನೊಳಗಿದ್ದು, ಶಿಖರಕ್ಕೆ ಸಮೀಪದಲ್ಲಿ ಕಡಿದಾದ ಬಂಡೆಯ ಹಾಸುಗಳನ್ನು ಏರಬೇಕಾಗುತ್ತದೆ. ಬಂಡೆಯ ಮೇಲೆ ನೀರು ಜಿನುಗುತ್ತಿದ್ದರೆ ಕಾಲು ಜಾರುವ ಸಂಭವ ಹೆಚ್ಚು. ಹತ್ತಲು ಮೂರೂವರೆಯಿಂದ ನಾಲ್ಕೂವರೆ ಗಂಟೆ, ಇಳಿಯಲು ಸುಮಾರು ಮೂರು ಗಂಟೆ ಬೇಕು. ಗಿರಿಗದ್ದೆ ಮತ್ತು ಕಲ್ಲು ಮಂಟಪಗಳು ಈ ಮಾರ್ಗದಲ್ಲಿ ಸಿಗುವುದಿಲ್ಲ. ಆದ್ದರಿಂದ ಊಟ, ನೀರನ್ನು ಪೂರ್ತಿಯಾಗಿ ಜೊತೆಯಲ್ಲಿಯೇ ಒಯ್ಯಬೇಕು.

(ಇ) ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದು

ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿಯುವುದು ಅನುಭವಿ ಚಾರಣಿಗರಿಗೆ ಪ್ರಿಯವಾದ ಕ್ರಮ. ಒಟ್ಟು ದೂರ ಸುಮಾರು 20 ಕಿ.ಮೀ. ಆಗುತ್ತದೆ. ಇಳಿಜಾರು ದೀರ್ಘವಾಗಿರುವುದರಿಂದ ಮೊಣಕಾಲುಗಳ ಮೇಲೆ ಬೀಳುವ ಭಾರವೂ ಹೆಚ್ಚು. ಹೀಗೆ ದಾಟಲು ಬಯಸುವವರು ಅನುಮತಿ ಕಾಯ್ದಿರಿಸುವಾಗ ಅದಕ್ಕೆ ಅವಕಾಶವಿರುವ ಮಾರ್ಗವನ್ನೇ ಆರಿಸಿಕೊಂಡಿರಬೇಕು. ಒಂದು ಮಾರ್ಗಕ್ಕೆ ಪಡೆದ ಅನುಮತಿಯನ್ನು ತೋರಿಸಿ ಇನ್ನೊಂದು ಮಾರ್ಗದಲ್ಲಿ ಹೋಗುವಂತಿಲ್ಲ.

ಸಮಯದ ಲೆಕ್ಕಾಚಾರ

ಕುಕ್ಕೆಯ ಮಾರ್ಗದಲ್ಲಿ ಹತ್ತಲು ಏಳರಿಂದ ಎಂಟು ಗಂಟೆ, ಇಳಿಯಲು ಐದರಿಂದ ಆರು ಗಂಟೆ ಎಂದು ಲೆಕ್ಕ ಹಿಡಿದರೆ, ವಿಶ್ರಾಂತಿಯನ್ನು ಬಿಟ್ಟು ಹನ್ನೆರಡು ಗಂಟೆಗಿಂತ ಹೆಚ್ಚಾಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯಾಸ್ತವಾಗುತ್ತದೆ. ದಟ್ಟ ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲಾಗುತ್ತದೆ. ಸಾಮಾನ್ಯ ನಡಿಗೆಯವರಿಗೆ ಒಂದೇ ಹಗಲಿನಲ್ಲಿ ಇದು ಕಷ್ಟಸಾಧ್ಯ. ಹಿಂದಿನ ದಶಕಗಳಲ್ಲಿ ಇದನ್ನು ಎರಡು ದಿನಗಳ ಚಾರಣವೆಂದೇ ಪರಿಗಣಿಸಿ, ಮೊದಲ ರಾತ್ರಿಯನ್ನು ಗಿರಿಗದ್ದೆಯಲ್ಲಿ ಕಳೆಯುವ ಪದ್ಧತಿ ಬೆಳೆದುದು ಈ ಕಾರಣದಿಂದಲೇ.

ಈಗ ಶಿಖರದಲ್ಲಾಗಲಿ, ಶೇಷ ಪರ್ವತದಲ್ಲಾಗಲಿ, ಕಾಡಿನೊಳಗಾಗಲಿ ಡೇರೆ ಹಾಕಿ ರಾತ್ರಿ ಕಳೆಯುವುದು ನಿಷಿದ್ಧವಾಗಿದೆ. ಆದ್ದರಿಂದ ಅರ್ಜಿದಾರರು ಶಿಖರವನ್ನು ತಲುಪುವ ಸಮಯಕ್ಕಿಂತ ಮರಳಬೇಕಾದ ಸಮಯವನ್ನೇ ಮೊದಲು ನಿಗದಿಪಡಿಸಿಕೊಳ್ಳಬೇಕು. ನಡುಹಗಲಾದರೂ ಕಲ್ಲು ಮಂಟಪವನ್ನು ದಾಟದವರು ಅಲ್ಲಿಂದಲೇ ಹಿಂತಿರುಗುವುದು ಕ್ಷೇಮಕರ. ವಯಸ್ಸಾದವರು, ಮಕ್ಕಳೊಂದಿಗೆ ಬರುವವರು ಹಾಗೂ ಮೊದಲ ಬಾರಿಗೆ ಚಾರಣ ಮಾಡುವವರು ಗಿರಿಗದ್ದೆಯವರೆಗೆ ಹೋಗಿ ಬರುವುದನ್ನೇ ಒಂದು ಪೂರ್ಣ ಚಾರಣವೆಂದು ಪರಿಗಣಿಸಬಹುದು.

ಜನಸಂದಣಿ ಮತ್ತು 2024ರ ಕ್ರಮಗಳು

ಕಾಲುದಾರಿಯು ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲವಾಗಿದೆ. ನಡುವೆ ಇರುವುದು ಒಂದು ಮನೆ, ಒಂದು ಠಾಣೆ, ಗೋಡೆಯಿಲ್ಲದ ಒಂದು ಮಂಟಪ, ಎಣಿಕೆಯ ನೀರಿನ ಸೆಲೆಗಳು. ಈ ಸೌಕರ್ಯಗಳು ಕೆಲವು ಹತ್ತು ಜನರಿಗೆ ಸಾಕಾಗಬಹುದು, ಸಾವಿರಾರು ಜನರಿಗೆ ಸಾಲವು.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜಾ ದಿನಗಳಂದು ಸಾವಿರಾರು ಮಂದಿ ಒಮ್ಮೆಲೇ ಕುಮಾರ ಪರ್ವತಕ್ಕೆ ಬಂದು, ದಾರಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಇದರ ಛಾಯಾಚಿತ್ರಗಳು ವ್ಯಾಪಕವಾಗಿ ಹರಡಿ ಸಾರ್ವಜನಿಕ ಚರ್ಚೆಗೆ ಕಾರಣವಾದವು. ಬಳಿಕ ಆನ್‌ಲೈನ್ ಕಾಯ್ದಿರಿಸುವಿಕೆಯ ವ್ಯವಸ್ಥೆಯಿಲ್ಲದ ಚಾರಣ ಮಾರ್ಗಗಳಲ್ಲಿ ಪ್ರವೇಶವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಕಾಯ್ದಿರಿಸುವ ವ್ಯವಸ್ಥೆ ಜಾರಿಗೆ ಬಂದು, ಒಂದು ಮಾರ್ಗದಲ್ಲಿ ದಿನಕ್ಕೆ 300 ಚಾರಣಿಗರ ಮಿತಿಯನ್ನು ಪ್ರಕಟಿಸಲಾಯಿತು.

ಈ ಮಿತಿಯಿಂದ ಕೆಲವರಿಗೆ ಬಯಸಿದ ದಿನದಂದು ಅವಕಾಶ ಸಿಗದೆ ನಿರಾಸೆಯಾಗುವುದು ಸಹಜ. ದೂರದ ಊರಿನಿಂದ ರಜೆ ಹೊಂದಿಸಿಕೊಂಡು ಬರುವವರ ತೊಂದರೆಯೂ ನಿಜವೇ. ಆದರೆ ಜನರ ಸಂಖ್ಯೆ ಮಿತಿಮೀರಿದಾಗ ಕಾಲುದಾರಿಯ ಎರಡೂ ಬದಿಯ ಹುಲ್ಲು ತುಳಿತಕ್ಕೆ ಸಿಕ್ಕಿ ಸಾಯುತ್ತದೆ. ಹುಲ್ಲಿನ ಬೇರು ಹಿಡಿದಿಟ್ಟಿದ್ದ ಮಣ್ಣು ಮುಂದಿನ ಮಳೆಗೆ ಕೊಚ್ಚಿಹೋಗಿ, ದಾರಿಯು ಕೊರಕಲಾಗುತ್ತದೆ. 2018ರ ಆಗಸ್ಟ್‌ನ ಮಹಾಮಳೆಯಲ್ಲಿ ಕೊಡಗಿನ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಸಂಭವಿಸಿದ ಭೂಕುಸಿತಗಳನ್ನು ಕಂಡವರಿಗೆ, ಈ ಬೆಟ್ಟಗಳ ಮಣ್ಣು ಎಷ್ಟು ಸೂಕ್ಷ್ಮವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಅನುಮತಿಗೆ ಕಾನೂನಿನ ಆಧಾರ

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕರಣ 27ರಂತೆ ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಅಭಯಾರಣ್ಯದ ಮಿತಿಯೊಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮೊದಲಾದವರಿಗೆ ಇದರಿಂದ ವಿನಾಯಿತಿಯಿದೆ. ಪ್ರಕರಣ 28ರಂತೆ ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ ಮೊದಲಾದ ಉದ್ದೇಶಗಳಿಗೆ ಅನುಮತಿ ನೀಡಬಹುದಾಗಿದೆ. ಚಾರಣಿಗರು ಪಡೆಯುವ ಪತ್ರವು ಈ ಬಗೆಯ ಅನುಮತಿಯೇ ಹೊರತು ಬರಿಯ ಪ್ರವೇಶದ ಚೀಟಿಯಲ್ಲ.

ಅಭಯಾರಣ್ಯದಲ್ಲಿ ಕಸ ಎಸೆಯುವುದನ್ನೂ, ಪ್ರಾಣಿಗಳಿಗೆ ಕಿರುಕುಳ ಕೊಡುವುದನ್ನೂ ಪ್ರಕರಣ 27 ನಿಷೇಧಿಸುತ್ತದೆ. ಬೆಂಕಿ ಹಚ್ಚುವುದನ್ನು ಪ್ರಕರಣ 30, ಶಸ್ತ್ರಾಸ್ತ್ರದೊಂದಿಗೆ ಪ್ರವೇಶಿಸುವುದನ್ನು ಪ್ರಕರಣ 31 ನಿಷೇಧಿಸುತ್ತವೆ. ಚಳಿಗೆ ಹಾಕಿದ ಸಣ್ಣ ಬೆಂಕಿಯೂ ಒಣಹುಲ್ಲಿನ ಬೆಟ್ಟವನ್ನು ಕೆಲವೇ ನಿಮಿಷಗಳಲ್ಲಿ ಆವರಿಸಬಲ್ಲದು.

ಅನುಮತಿ ಪಡೆಯುವ ಕ್ರಮ

1. ಅರಣ್ಯ ವಿಹಾರ ಜಾಲತಾಣದಲ್ಲಿ ಮಾರ್ಗ ಮತ್ತು ದಿನಾಂಕವನ್ನು ಆರಿಸಿ, ಅವಕಾಶ ಲಭ್ಯವಿದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು.

2. ತಂಡದಲ್ಲಿರುವ ಪ್ರತಿಯೊಬ್ಬರ ಹೆಸರು ಹಾಗೂ ಗುರುತಿನ ಚೀಟಿಯ ವಿವರವನ್ನು ನಮೂದಿಸತಕ್ಕದ್ದು. ಒಬ್ಬರ ಹೆಸರಿನಲ್ಲಿ ಪಡೆದ ಅನುಮತಿಯನ್ನು ಮತ್ತೊಬ್ಬರು ಬಳಸುವಂತಿಲ್ಲ.

3. ಶುಲ್ಕವು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ, ಕಾಯ್ದಿರಿಸುವ ಸಮಯದಲ್ಲಿ ಜಾಲತಾಣದಲ್ಲಿ ತೋರಿಸುವ ಮೊತ್ತವನ್ನೇ ಅಧಿಕೃತವೆಂದು ತಿಳಿಯತಕ್ಕದ್ದು.

4. ಅನುಮತಿ ಪತ್ರದ ಪ್ರತಿ ಹಾಗೂ ಮೂಲ ಗುರುತಿನ ಚೀಟಿಯನ್ನು ಜೊತೆಯಲ್ಲಿ ಇಟ್ಟುಕೊಂಡು, ತನಿಖಾ ಠಾಣೆಯಲ್ಲಿ ಹಾಜರುಪಡಿಸತಕ್ಕದ್ದು. ಬೆಟ್ಟದಲ್ಲಿ ಮೊಬೈಲ್ ಸಂಪರ್ಕ ಸರಿಯಾಗಿ ಸಿಗದ ಕಾರಣ ಮುದ್ರಿತ ಪ್ರತಿಯನ್ನು ಇಟ್ಟುಕೊಳ್ಳುವುದು ಉತ್ತಮ.

5. ಮಳೆಗಾಲದಲ್ಲಿಯೂ, ಕಾಡ್ಗಿಚ್ಚಿನ ಅಪಾಯವಿರುವ ಬೇಸಿಗೆಯಲ್ಲಿಯೂ ಚಾರಣವನ್ನು ನಿಲ್ಲಿಸಲಾಗುತ್ತದೆ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿಯು ಚಾರಣಕ್ಕೆ ಅನುಕೂಲಕರ. ಆಯಾ ವರ್ಷದ ಆರಂಭ ಮತ್ತು ಮುಕ್ತಾಯದ ದಿನಾಂಕಗಳನ್ನು ಪ್ರಯಾಣದ ಟಿಕೆಟ್ ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

6. ಕುಕ್ಕೆ ಅಥವಾ ಬೀದಳ್ಳಿಗೆ ಬಂದ ಮೇಲೆ ಅನುಮತಿ ದೊರಕಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳನ್ನು ನಂಬಬಾರದು.

ಸುರಕ್ಷತೆಯ ಸೂಚನೆಗಳು

ಪ್ರತಿಯೊಬ್ಬರೂ ಕನಿಷ್ಠ 3 ಲೀಟರ್ ನೀರು ಹಿಡಿಯುವ, ಮತ್ತೆ ಮತ್ತೆ ಬಳಸಬಹುದಾದ ಬಾಟಲಿಗಳನ್ನು ಒಯ್ಯಬೇಕು. ಹಿಡಿತವುಳ್ಳ ಪಾದರಕ್ಷೆ, ಟಾರ್ಚ್, ಟೋಪಿ, ಮಳೆಯ ಅಂಗಿ, ಉಪ್ಪು-ಸಕ್ಕರೆಯ ಪುಡಿ ಹಾಗೂ ಪ್ರಥಮ ಚಿಕಿತ್ಸೆಯ ಸಾಮಗ್ರಿಗಳು ಅಗತ್ಯ. ಹೃದಯ ಅಥವಾ ಉಸಿರಾಟದ ತೊಂದರೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಈ ಚಾರಣವನ್ನು ಕೈಗೊಳ್ಳಬಾರದು.

ತಂಡದಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ವೇಗವೇ ತಂಡದ ವೇಗವಾಗಿರಬೇಕು. 2019ರ ಸೆಪ್ಟೆಂಬರ್‌ನಲ್ಲಿ ತಂಡದಿಂದ ಬೇರ್ಪಟ್ಟು ದಾರಿ ತಪ್ಪಿದ ಚಾರಣಿಗರೊಬ್ಬರಿಗಾಗಿ ಕಾಡಿನಲ್ಲಿ ಹುಡುಕಾಟ ನಡೆಸಬೇಕಾಯಿತು. ನೀರಿನ ಪೈಪೊಂದನ್ನು ಕಂಡು ಅದನ್ನೇ ಅನುಸರಿಸಿ ಇಳಿದುದರಿಂದ ಅವರು ಸುರಕ್ಷಿತವಾಗಿ ಊರು ಸೇರಿದರು. ಎಲ್ಲರಿಗೂ ಇಂತಹ ಅದೃಷ್ಟ ಒದಗುವುದಿಲ್ಲ. ದಾರಿ ತಪ್ಪಿದುದು ಅರಿವಿಗೆ ಬಂದ ಕೂಡಲೇ ಮುಂದುವರಿಯದೆ, ಕೊನೆಯದಾಗಿ ಸ್ಪಷ್ಟವಾದ ದಾರಿ ಕಂಡ ಜಾಗಕ್ಕೆ ಹಿಂತಿರುಗಬೇಕು. ಅದು ಸಾಧ್ಯವಾಗದಿದ್ದರೆ ಇದ್ದಲ್ಲಿಯೇ ನಿಂತು ಶಿಳ್ಳೆ ಅಥವಾ ಟಾರ್ಚಿನಿಂದ ಸೂಚನೆ ನೀಡಬೇಕು.

ಆನೆ ಅಥವಾ ಕಾಟಿ ಎದುರಾದರೆ ಕೂಗಾಡದೆ, ಛಾಯಾಚಿತ್ರಕ್ಕಾಗಿ ಹತ್ತಿರ ಹೋಗದೆ, ನಿಧಾನವಾಗಿ ಹಿಂದೆ ಸರಿಯಬೇಕು. ತುರ್ತು ಸಂದರ್ಭದಲ್ಲಿ 112, ಅರಣ್ಯ ಸಂಬಂಧಿ ದೂರು ಹಾಗೂ ನೆರವಿಗೆ 1926 ಸಂಖ್ಯೆಗಳಿಗೆ ಕರೆ ಮಾಡಬಹುದು. ಸಂಪರ್ಕ ಸಿಗದಿದ್ದಲ್ಲಿ ತಂಡದ ಇಬ್ಬರು ತನಿಖಾ ಠಾಣೆಗೆ ಬಂದು ವಿಷಯ ತಿಳಿಸಬೇಕು. ಗಾಯಗೊಂಡವರನ್ನು ಒಂಟಿಯಾಗಿ ಬಿಟ್ಟು ಹೋಗಬಾರದು.

ನಿಷೇಧಿತ ಅಂಶಗಳು

* ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳು
* ಮದ್ಯ, ಧೂಮಪಾನ, ಬೆಂಕಿಪೊಟ್ಟಣ ಹಾಗೂ ಅಡುಗೆ ಒಲೆ
* ಧ್ವನಿವರ್ಧಕ, ಪಟಾಕಿ
* ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು
* ತೊರೆಯಲ್ಲಿ ಸೋಪು ಬಳಸಿ ಸ್ನಾನ ಮಾಡುವುದು, ಬಟ್ಟೆ ಅಥವಾ ಪಾತ್ರೆ ತೊಳೆಯುವುದು
* ನೀರಿನ ಮೂಲಗಳ ಸಮೀಪದಲ್ಲಿ ಮಲಮೂತ್ರ ವಿಸರ್ಜನೆ

ಸಾರ್ವಜನಿಕರಲ್ಲಿ ಕೋರಿಕೆ

ಗಿರಿಗದ್ದೆಯ ಸೂರು ಚಿಕ್ಕದಾದರೂ ತಲೆಮಾರುಗಳ ಚಾರಣಿಗರಿಗೆ ಆಸರೆಯಾಗಿದೆ. ಬಂದವರು ಅಳತೆಯರಿತು ಬಂದು, ಇದ್ದುದನ್ನು ಹಂಚಿಕೊಂಡು, ಹೋಗುವಾಗ ಜಾಗವನ್ನು ಚೊಕ್ಕಟವಾಗಿ ಬಿಟ್ಟುಹೋದುದರಿಂದಲೇ ಇದು ಸಾಧ್ಯವಾಯಿತು. ಇಂದಿನ ಅನುಮತಿಯ ವ್ಯವಸ್ಥೆಯು ಅದೇ ನಡತೆಯನ್ನು ನಿಯಮದ ರೂಪಕ್ಕೆ ತಂದಿದೆ. ಬಯಸಿದ ದಿನದಂದು ಅವಕಾಶ ದೊರೆಯದಿದ್ದರೆ ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳುವುದು, ಬರಲಾಗದಿದ್ದರೆ ಕಾಯ್ದಿರಿಸಿದ ಸ್ಥಾನವನ್ನು ಸಕಾಲದಲ್ಲಿ ರದ್ದುಪಡಿಸಿ ಇತರರಿಗೆ ಅನುವು ಮಾಡಿಕೊಡುವುದು, ತಾವು ಒಯ್ದ ಪ್ರತಿಯೊಂದು ವಸ್ತುವನ್ನೂ ಹಿಂದಕ್ಕೆ ತರುವುದು ಅರ್ಜಿದಾರರಿಂದ ನಿರೀಕ್ಷಿಸಲಾಗುವ ಸಹಕಾರವಾಗಿದೆ. ಪರ್ವತದಿಂದ ಇಳಿಯುವ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.